ನಿಂತವಳ ಪಕ್ಕದಲ್ಲಿ

ಮೂವತ್ತೊಂದು ಮದುವೆ, ಹದಿನಾಲ್ಕು ಗೃಹಪ್ರವೇಶ, ನಾಮಕರಣಗಳಂತೂ ಎಷ್ಟೋ. ಸಾರಕ್ಕಿಯಿಂದ ಕುಮಾರಸ್ವಾಮಿ ಲೇಔಟ್‌ವರೆಗೆ ಹರಡಿಕೊಂಡಿರುವ ನಮ್ಮ ವಂಶದಲ್ಲಿ ಯಾವ ಶುಭಕಾರ್ಯ ನಡೆದರೂ ಉಸ್ತುವಾರಿ ಈ ನಂದಕುಮಾರನದೇ. ನನ್ನ ಆಳ್ವಿಕೆಯಲ್ಲಿ ಒಂದು ಸಲವೂ ಸಾರು ಸಾಲದೆ ಹೋಗಿಲ್ಲ. ಬೀಗರು ಮುನಿಸಿಕೊಂಡು ಎದ್ದುಹೋಗಿಲ್ಲ. ಹಗಲೆಲ್ಲ ಅಂಗಡಿಯಲ್ಲಿ ಪೈಪು, ನಲ್ಲಿ, ಕಮೋಡು ಮಾರಿಕೊಂಡಿರುವವನಾದರೂ ಸಮಾರಂಭ ಅಂತ ಬಂದರೆ ನಾನು ದಂಡನಾಯಕ!

ಆದ್ದರಿಂದ ಒಂದು ಭಾನುವಾರ ಬೆಳಿಗ್ಗೆ ಹೆಂಡತಿ ಹೇಮಶ್ರೀ ಕಾಫಿ ಲೋಟ ಕೈಗಿಟ್ಟು, "ರೀ, ನನ್ನ ಡ್ಯಾನ್ಸು ಫೆಸ್ಟಿವಲ್‌ಗೆ ಸೆಲೆಕ್ಟ್ ಆಗಿದೆ" ಅಂದಾಗ ನಾನು ಪೇಪರ್ ಮಡಿಸಿಟ್ಟು ಅಲ್ಲೇ ಘೋಷಿಸಿಬಿಟ್ಟೆ.

"ಇನ್ಮೇಲೆ ನೀನು ಬರೀ ಕುಣಿ. ಮಿಕ್ಕಿದ್ದೆಲ್ಲ ನನಗೆ ಬಿಡು."

"ಬಿಡೋಕೆ ಏನೂ ಇಲ್ಲ. ನೀವು ಬಂದು ಸುಮ್ನೆ ಕೂತ್ಕೊಂಡ್ರೆ ಸಾಕು."

"ಸುಮ್ನೆ ಕೂರೋ ಜಾಯಮಾನ ಅಲ್ಲ ಕಣೇ ನಂದು."

"ಗೊತ್ತು. ಅದಕ್ಕೇ ಹೇಳ್ತಿರೋದು" ಅಂದಳು.

ಹೇಮಶ್ರೀ ಮದುವೆಗೆ ಮುಂಚೆ ಒಂಬತ್ತು ವರ್ಷ ಭರತನಾಟ್ಯ ಕಲಿತವಳು. ಮದುವೆಯಾದ ಮೇಲೆ ಗೆಜ್ಜೆ ಅಟ್ಟ ಸೇರಿತು. ಯಾರೂ ಬೇಡ ಅನ್ನಲಿಲ್ಲ, ಮಾಡು ಅಂತಲೂ ಅನ್ನಲಿಲ್ಲ. ಮೂರು ವರ್ಷದ ಹಿಂದೆ, ಇದ್ದೊಬ್ಬ ಮಗಳಿಗೆ ಮದುವೆ ಮಾಡಿ ಕಳಿಸಿದ ಮರುವಾರವೇ, ಬನಶಂಕರಿ ಸೆಕೆಂಡ್ ಸ್ಟೇಜಿನ ಒಂದು ಸ್ಟುಡಿಯೋಗೆ ಸೇರಿದಳು. ಅಲ್ಲಿ ಕಲಿಸುವುದು ಭರತನಾಟ್ಯವೂ ಅಲ್ಲ, ಸಿನಿಮಾ ಡ್ಯಾನ್ಸೂ ಅಲ್ಲ. ಸಮಕಾಲೀನ ನೃತ್ಯವಂತೆ. ನಾನು ಒಂದು ದಿನ ಇಣುಕಿ ನೋಡಿದೆ. ಎಂಟು ಜನ ನೆಲದ ಮೇಲೆ ಬಿದ್ದುಕೊಂಡು ಉಸಿರಾಡುತ್ತಿದ್ದರು. ಅಷ್ಟನ್ನು ನಾನು ಮನೆಯಲ್ಲೇ ಊಟ ಆದ ಮೇಲೆ ಮಾಡುತ್ತೇನೆ.

"ಈಗ ನೀನು ಮಾಡ್ತಿರೋ ಐಟಂ ಏನು?"

"ಐಟಂ ಅನ್ಬೇಡಿ. ಹೆಸರು 'ನಿಂತವಳು'. ನಾನೇ ಸಂಯೋಜನೆ ಮಾಡಿರೋದು. ಹನ್ನೆರಡು ನಿಮಿಷ. ಮೊದಲ ನಾಲ್ಕು ನಿಮಿಷ ಅಲ್ಲಾಡದೆ ನಿಂತಿರ್ತೀನಿ."

"ನಿಂತ್ಕೊಳ್ಳೋದ್ರಲ್ಲಿ ಡ್ಯಾನ್ಸ್ ಎಲ್ಲಿದೆಯೇ?"

ಅವಳು ನನ್ನ ಕೈಯಿಂದ ಕಾಫಿ ಲೋಟ ತೆಗೆದು ಪಕ್ಕಕ್ಕಿಟ್ಟಳು. ಆಮೇಲೆ ವಿಷಯ ಹೇಳಿದಳು. ಐದು ಜನರ ಐದು ಕಿರು ನೃತ್ಯಗಳಲ್ಲಿ ಆಯ್ಕೆ ಸಮಿತಿ ಒಂದನ್ನು ಆರಿಸುತ್ತದೆ. ಆರಿಸಿದವರಿಗೆ ಆರು ತಿಂಗಳು ಅಭ್ಯಾಸಕ್ಕೆ ಹಾಲ್ ಕೊಟ್ಟು, ಮುಂದಿನ ವರ್ಷ ಇಡೀ ಸಂಜೆ ಅವರದೇ ಪ್ರದರ್ಶನ.

"ನನಗೆ ನಲವತ್ತೇಳು. ಈ ಮಂಡಿ ಇನ್ನೊಂದೆರಡು ವರ್ಷ ನನ್ನ ಮಾತು ಕೇಳುತ್ತೆ, ಅಷ್ಟೇ. ಇದು ಹೋದ್ರೆ ಇನ್ನೊಂದು ಬರಲ್ಲ. ದಯವಿಟ್ಟು ನಾಲ್ಕೈದು ಜನಕ್ಕೆ ಮಾತ್ರ ಹೇಳಿ. ಮಾತಾಡದೆ ಕೂರೋರಿಗೆ."

ದಯವಿಟ್ಟು ಅನ್ನುವ ಪದ ಅವಳ ಬಾಯಲ್ಲಿ ಅಪರೂಪ. ಇಷ್ಟು ದೊಡ್ಡ ವಿಷಯಕ್ಕೆ ಬರೀ ನಾಲ್ಕೈದು ಜನವೇ? ಖಾಲಿ ಕುರ್ಚಿಗಳ ಮುಂದೆ ಹೆಂಡತಿ ಒಬ್ಬಳೇ ನಿಲ್ಲುವ ಚಿತ್ರ ಕಣ್ಣಿಗೆ ಕಟ್ಟಿ, ನನ್ನೊಳಗಿನ ದಂಡನಾಯಕ ಮೈಕೊಡವಿಕೊಂಡು ಎದ್ದ.

ಅವಳಿಗೆ ಸರ್‌ಪ್ರೈಸ್ ಕೊಡೋಣ ಅಂತ ಗುಟ್ಟಾಗಿ ಸಿದ್ದಾಪುರದ ಭೀಮಪ್ಪನ ಪ್ರೆಸ್ಸಿಗೆ ಹೋದೆ. ಆ ಮೂವತ್ತೊಂದು ಮದುವೆಯ ಕಾರ್ಡನ್ನೂ ಅಚ್ಚು ಹಾಕಿದವನು ಅವನೇ. ಹೊಸ ವಿನ್ಯಾಸ ಮಾಡಲು ನಾಲ್ಕು ದಿನ ಬೇಕು ಅಂದ. ನಾನು, "ಇರೋದ್ರಲ್ಲೇ ಹೆಸರು ಬದಲಾಯ್ಸು ಗುರು" ಅಂದೆ. ಮೇಲ್ಗಡೆ 'ಶ್ರೀ ಸಪ್ಪಲಮ್ಮ ದೇವಿ ಪ್ರಸನ್ನ'. ಕೆಳಗೆ ಬಂಗಾರದ ದಪ್ಪ ಅಕ್ಷರದಲ್ಲಿ 'ನಂದಕುಮಾರ್ – ಹೇಮಶ್ರೀ'. ನನ್ನ ಹೆಸರು ಯಾಕೆ ಅಂತ ಭೀಮಪ್ಪ ಕೇಳಿದ. ಗಂಡನ ಹೆಸರಿಲ್ಲದಿದ್ದರೆ ಯಾವ ಹೇಮಶ್ರೀ ಅಂತ ಜನಕ್ಕೆ ತಿಳಿಯುವುದು ಹೇಗೆ ಅಂತ ಬಾಯಿ ಮುಚ್ಚಿಸಿದೆ. ಅದರ ಕೆಳಗೆ ಸಣ್ಣಕ್ಷರದಲ್ಲಿ 'ಸಮಕಾಲೀನ ನೃತ್ಯೋತ್ಸವ'. ಕೊನೆಗೆ ಮತ್ತೆ ದಪ್ಪಕ್ಷರದಲ್ಲಿ 'ಭೋಜನ ವ್ಯವಸ್ಥೆ ಇದೆ'.

ಕಾರ್ಡು, ಕುಂಕುಮದ ಬಟ್ಟಲು ಹಿಡಿದು ಸ್ಕೂಟರಿನಲ್ಲಿ ಮನೆಮನೆಗೆ ಹೋದೆ. ದೊಡ್ಡಮ್ಮ ಅಕ್ಕಯಮ್ಮನಿಗೆ ಎಪ್ಪತ್ತೆಂಟು. ಕಾರ್ಡನ್ನು ಕಣ್ಣಿಗೊತ್ತಿಕೊಂಡು ದೇವರ ಮುಂದೆ ಇಟ್ಟಳೇ ಹೊರತು ಓದಲಿಲ್ಲ. ಚಿಕ್ಕಪ್ಪ ಬೈರಣ್ಣ ಕಾರ್ಡನ್ನು ತೋಳಿನಷ್ಟು ದೂರ ಹಿಡಿದು, ಓದಲಿಕ್ಕೆ ಸಿಕ್ಕ ದಪ್ಪಕ್ಷರಗಳನ್ನು ಓದಿ, "ಆಗ್ಲೇ ಇಪ್ಪತ್ತೈದು ವರ್ಷ ಆಯ್ತೇನೋ?" ಅಂದ.

"ಹೂಂ ಚಿಕ್ಕಪ್ಪ, ಈ ವರ್ಷಕ್ಕೆ ಇಪ್ಪತ್ತೈದು" ಅಂದೆ. ನಮ್ಮ ಮದುವೆಯಾಗಿ ಎಷ್ಟು ವರ್ಷ ಅಂತ ಸುಮ್ಮನೆ ಮಾತಿಗೆ ಕೇಳಿದ ಅಂದುಕೊಂಡೆ. ಅವನು ಅದನ್ನೇ ಎಲ್ಲರಿಗೂ ಫೋನ್ ಮಾಡಿ ಹೇಳಿದನೆಂಬುದು ನನಗೆ ಗೊತ್ತಾದದ್ದು ಆಮೇಲೆ.

ಜೆ.ಪಿ. ನಗರದಲ್ಲಿ ಹಿಂದೆ ಗಾರ್ಮೆಂಟ್ಸ್ ಗೋಡೌನ್ ಆಗಿದ್ದ ಜಾಗವನ್ನು ಒಳಗೆಲ್ಲ ಕಪ್ಪು ಬಳಿದು ಹಾಲ್ ಮಾಡಿದ್ದರು. ಪ್ರದರ್ಶನದ ಸಂಜೆ ಅಲ್ಲಿಗೆ ಹೋದಾಗ ನನಗೆ ಮೊದಲು ಕಣ್ಣಿಗೆ ಬಿದ್ದದ್ದು ಸ್ಟೇಜೇ ಇಲ್ಲ ಅನ್ನುವುದು. ಮೆಟ್ಟಿಲಿಲ್ಲ, ಪರದೆಯಿಲ್ಲ. ಮೊದಲ ಸಾಲಿನ ಕುರ್ಚಿಗಳ ಮುಂದೆ ಬರೀ ನೆಲ. ಅದೇ ರಂಗ.

ನಿರ್ವಹಣೆಯ ಹುಡುಗಿ ಚೈತನ್ಯ, ಕಿವಿಗೆ ಮೈಕು ಸಿಕ್ಕಿಸಿಕೊಂಡು, ಎಡಗಡೆ ಮೂಲೆಯಲ್ಲಿ ಲೈಟಿನ ಬಟನ್ನುಗಳ ಮೇಜಿನ ಹಿಂದೆ ಕೂತಿದ್ದಳು. ನಾನು ಹೋಗಿ ಪರಿಚಯ ಮಾಡಿಕೊಂಡೆ.

"ಹೇಮಾ ಮೇಡಂ ಹಸ್ಬೆಂಡಾ? ಸಾರ್, ಒಂದು ರಿಕ್ವೆಸ್ಟ್. ಬಾಗಿಲು ಹಾಕಿದ್ಮೇಲೆ ಮಾತು ಬೇಡ, ಓಡಾಟ ಬೇಡ. ಮೊದಲ ನಾಲ್ಕು ನಿಮಿಷ ಪೂರ್ತಿ ಸೈಲೆನ್ಸು. ಏನಾದ್ರೂ ತೊಂದರೆ ಆಗಿ ಮೇಡಂ ನನ್ನ ಕಡೆ ತಿರುಗಿ ನೋಡಿದ್ರೆ, ಅದೇ ಸಿಗ್ನಲ್. ನಾನು ಲೈಟ್ ಆರಿಸ್ತೀನಿ. ಶೋ ಕಟ್."

"ಮತ್ತೆ ಮೊದಲಿಂದ ಶುರು ಮಾಡ್ತೀರ?"

"ಇಲ್ಲ ಸಾರ್. ಇನ್ನೂ ನಾಲ್ಕು ಜನ ಕಾಯ್ತಿದ್ದಾರೆ. ಕಟ್ ಆದ್ರೆ ಮುಗೀತು. ಸಮಿತಿ ಲೆಕ್ಕಕ್ಕೇ ತಗೊಳಲ್ಲ."

"ನೀವು ನಿಶ್ಚಿಂತೆಯಾಗಿರಿ. ಜನರನ್ನ ಸಂಭಾಳಿಸೋದು ನನಗೆ ಹೊಸದಲ್ಲ" ಅಂದೆ.

ಆರೂಕಾಲಿಗೆ ನಮ್ಮವರು ಬರತೊಡಗಿದರು. ಟೆಂಪೋ ಟ್ರಾವೆಲರ್ ಒಂದರಿಂದ ಇಪ್ಪತ್ತು ಜನ ಇಳಿದರು, ಆಟೋಗಳಿಂದ ಇನ್ನಷ್ಟು. ಹೆಂಗಸರೆಲ್ಲ ರೇಷ್ಮೆ ಸೀರೆ, ಮಲ್ಲಿಗೆ ಹೂವು. ಎಲ್ಲರ ಕೈಯಲ್ಲೂ ಥಳಥಳ ಕಾಗದ ಸುತ್ತಿದ ಡಬ್ಬ. ಕುಕ್ಕರಿನದು ಆಕಾರದಲ್ಲೇ ಗೊತ್ತಾಗುತ್ತಿತ್ತು. ಜುಬ್ಬಾ, ಹರಕು ಜೀನ್ಸು ಹಾಕಿದ ಕಲಾರಸಿಕರ ನಡುವೆ ನಮ್ಮ ನಲವತ್ತಮೂರು ಜನ ಬಂದು ಕೂತಾಗ ಹಾಲಿಗೇ ಕಳೆ ಬಂತು. ಕಲೆಯ ಮೇಲೆ ನಮ್ಮವರಿಗೆ ಇಷ್ಟು ಗೌರವವಿದೆಯೇ ಅಂತ ನನ್ನ ಎದೆ ಉಬ್ಬಿತು.

ಬೈರಣ್ಣ ನನ್ನ ಹಿಂದಿನ ಸಾಲಿನಲ್ಲಿ ಕೂತ. ಕಾಲಿನ ಹತ್ತಿರ ದೊಡ್ಡ ಗೋಡೆ ಗಡಿಯಾರದ ಡಬ್ಬ. ಬಾಗಿಲು ಮುಚ್ಚಿತು. ದೀಪ ಒಂದೊಂದಾಗಿ ಆರಿತು. ಪೂರ್ತಿ ಕತ್ತಲಾದ ಮೇಲೆ ಅವನು ಮುಂದಕ್ಕೆ ಬಾಗಿ ನನ್ನ ಕಿವಿಯಲ್ಲಿ ಕೇಳಿದ.

"ಹಾರ ಬದಲಾಯ್ಸೋದು ಎಷ್ಟು ಗಂಟೆಗೋ?"

"ಯಾವ ಹಾರ?"

"ಇಪ್ಪತ್ತೈದನೇ ವರ್ಷಕ್ಕೆ ಮತ್ತೆ ಹಾರ ಹಾಕ್ಕೊಳ್ಳಲ್ವೇನೋ? ನೀನ್ಯಾಕೋ ಇಲ್ಲಿ ಕೂತಿದೀಯ, ಅಲ್ಲಿ ನಿಂತ್ಕೊಳ್ಳೋದ್ ಬಿಟ್ಟು?"

ನಮ್ಮವರೆಲ್ಲ ಏನೆಂದುಕೊಂಡು ಬಂದಿದ್ದಾರೆ ಅಂತ ಆಗ ನನಗೆ ಹೊಳೆಯಿತು. ಬಂಗಾರದ ಅಕ್ಷರ, ಸಪ್ಪಲಮ್ಮ, ಕುಂಕುಮ, ಊಟ. ಬಾಯಿ ತೆರೆಯುವಷ್ಟರಲ್ಲಿ ನಡುವೆ ಒಂದು ಹಳದಿ ದೀಪ ಹೊತ್ತಿಕೊಂಡಿತು. ಅದರ ಕೆಳಗೆ ಹೇಮಶ್ರೀ ನಿಂತಿದ್ದಳು.

ಎಲೆಹಸಿರು ರೇಷ್ಮೆ ಸೀರೆ, ನೇರಳೆ ಅಂಚು, ತಲೆತುಂಬ ಹೂವು. ಕೈಗಳನ್ನು ಮುಂದೆ ಒಂದರ ಮೇಲೊಂದು ಇಟ್ಟುಕೊಂಡು, ಮುಖದಲ್ಲಿ ಒಂದು ಸಣ್ಣ ನಗು ಹೊತ್ತು, ಅಲ್ಲಾಡದೆ ನಿಂತಿದ್ದಳು. ಪಕ್ಕದಲ್ಲಿ ಒಬ್ಬರು ನಿಲ್ಲುವಷ್ಟು ಜಾಗ ಖಾಲಿ.

ನಮ್ಮ ಕಡೆಯ ಮದುವೆ ರಿಸೆಪ್ಷನ್ ನೋಡಿದವರಿಗೆ ಹೇಳಬೇಕಾಗಿಲ್ಲ. ಅಲಂಕಾರ ಮಾಡಿಕೊಂಡ ಹೆಣ್ಣುಮಗಳು ಲೈಟಿನ ಕೆಳಗೆ ನಗುತ್ತ ನಿಂತರೆ ನಮ್ಮ ಜನಕ್ಕೆ ಯಾರೂ ಏನೂ ಹೇಳಿಕೊಡಬೇಕಿಲ್ಲ. ಎಡಗಡೆಯಿಂದ ಸಾಲು, ಗಿಫ್ಟು, ಫೋಟೋ, ಬಲಗಡೆಯಿಂದ ಊಟಕ್ಕೆ. ಬಲಗಡೆಯ ಬಾಗಿಲ ಮೇಲೆ ಹೊರದಾರಿಯ ಹಸಿರು ದೀಪವೂ ಸರಿಯಾಗಿ ಉರಿಯುತ್ತಿತ್ತು.

ಇಪ್ಪತ್ತು ಸೆಕೆಂಡ್ ಕಳೆದಿರಬಹುದು. ಅಕ್ಕಯಮ್ಮ ಎದ್ದಳು.

ನಾನು ಕತ್ತಲಲ್ಲಿ ಕೈ ಬೀಸಿದೆ. ಅವಳಿಗೆ ಕಣ್ಣು ಮಂಜು. "ದೊಡ್ಡಮ್ಮ, ಕೂತ್ಕೊ" ಅಂತ ಉಸಿರಿನಲ್ಲೇ ಕೂಗಿದೆ. ಅವಳಿಗೆ ಕಿವಿಯೂ ಮಂದ. ಮುಂದಿದ್ದ ಜುಬ್ಬಾದವನು ತಿರುಗಿ ನನ್ನನ್ನೇ ಗದರುವಂತೆ "ಶ್ಶ್" ಅಂದ. ಅಕ್ಕಯಮ್ಮ ಕೋಲೂರಿಕೊಂಡು ಟಕ್, ಟಕ್, ಟಕ್ ಅಂತ ಆ ಮೌನದಲ್ಲಿ ಬೆಳಕಿನ ಕಡೆ ನಡೆದಳು. ಅವಳು ಎದ್ದದ್ದೇ ತಡ, ಹಿರಿಯರು ಶುರು ಮಾಡಿದರಲ್ಲ ಅಂತ ನಮ್ಮ ಸಾಲು ಸಾಲೇ ಎದ್ದು ನಿಂತಿತು.

ನಾನು ಚೈತನ್ಯಳ ಕಡೆ ನೋಡಿದೆ. ಅವಳ ಬೆರಳು ಬಟನ್ನಿನ ಮೇಲಿತ್ತು. ಕಣ್ಣು ಹೇಮಶ್ರೀಯ ಮೇಲೆ. ಹೇಮಶ್ರೀ ಒಮ್ಮೆ ಅವಳ ಕಡೆ ತಿರುಗಿದರೆ ಮೂರು ವರ್ಷ, ಆ ಮಂಡಿ, ಆ ದಯವಿಟ್ಟು, ಎಲ್ಲ ಮುಗಿದಂತೆ. ತಿರುಗಬೇಡ ಕಣೇ, ತಿರುಗಬೇಡ ಅಂತ ಮನಸ್ಸಿನಲ್ಲೇ ಬೇಡಿಕೊಂಡೆ.

ಅಕ್ಕಯಮ್ಮ ಅವಳ ಮುಂದೆ ಹೋಗಿ ನಿಂತಳು. ಸೆರಗಿನಿಂದ ಪುಟ್ಟ ಡಬ್ಬಿ ತೆಗೆದು ಅವಳ ಹಣೆಗೆ ಕುಂಕುಮ ಇಟ್ಟಳು. ಬಿಳೀ ಕಾಗದ ಸುತ್ತಿದ ಒಂದು ಪೊಟ್ಟಣ ಮುಂದೆ ಹಿಡಿದಳು.

ಹೇಮಶ್ರೀಯ ಕಣ್ಣು ಒಂದು ಕ್ಷಣ ಅಲುಗಿತು. ಆಮೇಲೆ ಅವಳ ಎರಡೂ ಕೈ ನಿಧಾನವಾಗಿ, ತುಂಬಾ ನಿಧಾನವಾಗಿ ಮೇಲೆದ್ದು, ಆ ಪೊಟ್ಟಣವನ್ನು ತೆಗೆದುಕೊಂಡು, ಪಕ್ಕಕ್ಕೆ ಇಳಿಸಿ, ಮತ್ತೆ ಮೊದಲಿನ ಜಾಗಕ್ಕೆ ಬಂದು ನಿಂತವು. ಮುಖದ ನಗು ಅಷ್ಟೇ ಇತ್ತು. ಅಕ್ಕಯಮ್ಮ ಬಲಗಡೆ ಹಸಿರು ದೀಪದತ್ತ ಹೊರಟಳು. ಹಿಂದಿನವರು ಒಂದು ಹೆಜ್ಜೆ ಮುಂದೆ ಬಂದರು.

ಇನ್ನು ಕೂತಿರುವುದು ಸಾಧ್ಯವಿರಲಿಲ್ಲ. ಸಾಲಿನ ಬಾಲವನ್ನಾದರೂ ಕಡಿಯೋಣ ಅಂತ ಕುರ್ಚಿಯಿಂದ ಜಾರಿ, ಅಂಗೈ ಮಂಡಿಯೂರಿ, ಗೋಡೆಯ ಪಕ್ಕ ಕತ್ತಲಲ್ಲಿ ಹೊರಟೆ. ಮೂವತ್ತೊಂದು ಮದುವೆಯ ದಂಡನಾಯಕ ನಾಲ್ಕು ಕಾಲಿನ ಮೇಲೆ! ಯಾರದೋ ಸೀರೆ ನೆರಿಗೆ ಹಿಡಿದು ಎಳೆದೆ. ಆಕೆ ನನ್ನ ಕೈ ಮೇಲೆ ಚಪ್ಪಲಿ ಕಾಲಿಟ್ಟು ಮುಂದೆ ಹೋದಳು. ಬೈರಣ್ಣನ ಪಂಚೆ ಸಿಕ್ಕಿತು. ಅವನು ಬಗ್ಗಿ ನೋಡಿ, ಗಡಿಯಾರದ ಡಬ್ಬವನ್ನು ಕಂಕುಳಿಗೆ ಸಿಕ್ಕಿಸಿಕೊಂಡು, ಇನ್ನೊಂದು ಕೈಯಲ್ಲಿ ನನ್ನ ಶರ್ಟಿನ ಕಾಲರ್ ಹಿಡಿದು ಎತ್ತಿದ.

"ಹೆಂಡ್ತಿ ಒಬ್ಬಳನ್ನೇ ನಿಲ್ಸಿ ಇಲ್ಲೇನೋ ಹುಡುಕ್ತಿದೀಯ? ಅವತ್ತೂ ಹಿಂಗೇ ಮಾಡ್ದೆ. ನಡಿ" ಅಂತ ಮೆಲ್ಲಗೆ ಗದರಿ, ಅನಾಮತ್ತಾಗಿ ನನ್ನನ್ನು ಬೆಳಕಿನೊಳಗೆ ತಳ್ಳಿಕೊಂಡು ಹೋಗಿ, ಹೇಮಶ್ರೀಯ ಬಲಗಡೆ ಖಾಲಿಯಿದ್ದ ಜಾಗದಲ್ಲಿ ನಿಲ್ಲಿಸಿಬಿಟ್ಟ.

ಎದುರಿಗೆ ಕತ್ತಲು. ಕತ್ತಲಲ್ಲಿ ಆಯ್ಕೆ ಸಮಿತಿಯ ಮೂವರ ಕನ್ನಡಕ ಮಿನುಗುತ್ತಿತ್ತು. ನನ್ನ ಮಂಡಿಯ ಮೇಲೆ ಧೂಳು, ಕಾಲರ್ ಒಂದು ಕಡೆ ಮೇಲೆ. ಓಡಿಬಿಡೋಣ ಅಂತ ಒಂದು ಕಾಲು ಎತ್ತಿದೆ.

"ಅಲ್ಲಾಡಬೇಡಿ" ಅಂದಳು ಹೇಮಶ್ರೀ, ತುಟಿ ಬಿಚ್ಚದೆ.

ಕಾಲು ಇಳಿಸಿದೆ. ಇಳಿಸುವಾಗ ಅವಳ ಸೀರೆಯ ಅಂಚು ಹತ್ತಿರದಿಂದ ಕಂಡಿತು. ನೇರಳೆ ಅಂಚಿನ ಮೇಲೆ ಒಂದು ಸಣ್ಣ ಕಲೆ. ಐಸ್‌ಕ್ರೀಮಿನದು. ಚೆಲ್ಲಿದವನು ನಾನು. ಇಪ್ಪತ್ತೈದು ವರ್ಷದ ಹಿಂದೆ, ವಿಲ್ಸನ್ ಗಾರ್ಡನ್ನಿನ ಒಂದು ಛತ್ರದಲ್ಲಿ, ನಮ್ಮ ರಿಸೆಪ್ಷನ್ನಿನ ದಿನ. ಇದು ಆ ಸೀರೆ.

ಆಗ ನನಗೆ ಅರ್ಥವಾಯಿತು. ಅವಳು ಆ ಸಂಜೆ ಐದು ಗಂಟೆ ಹೊತ್ತು ನಿಂತಿದ್ದಳು. ಸಾಲು ಮುಗಿಯಲೇ ಇಲ್ಲ. ನಾನು ನಾಲ್ಕು ಸಲ ಇಳಿದು ಹೋಗಿದ್ದೆ. ಗೆಳೆಯರ ಜೊತೆ ಹರಟೆಗೆ ಒಂದು ಸಲ, ಅಡುಗೆಯವರನ್ನು ವಿಚಾರಿಸಲಿಕ್ಕೆ ಒಂದು ಸಲ, ಊಟಕ್ಕೆ ಒಂದು ಸಲ, ಐಸ್‌ಕ್ರೀಮಿಗೆ ಒಂದು ಸಲ. ಅವಳು ಊಟ ಮಾಡಿದಳೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ. ನೃತ್ಯದ ಹೆಸರು 'ನಿಂತವಳು' ಅಂತ ಅವಳು ಹೇಳಿದಾಗ ನಾನು ಇದರಲ್ಲಿ ಡ್ಯಾನ್ಸ್ ಎಲ್ಲಿದೆ ಅಂತ ಕೇಳಿದ್ದೆ. ನನಗೆ ಬಹಳ ನಾಚಿಕೆಯಾಯಿತು.

ನಾಲ್ಕು ನಿಮಿಷ ಮುಗಿಯಿತು. ಎಲ್ಲೋ ದೂರದಲ್ಲಿ ಪಾತ್ರೆಗಳ ಸದ್ದಿನಂಥ ಸಂಗೀತ ಶುರುವಾಯಿತು. ಹೇಮಶ್ರೀ ಬರುವವರಿಗೆಲ್ಲ ಕೈಮುಗಿಯತೊಡಗಿದಳು. ನಿಜವಾಗಿ ಅವಳು ಯಾರೂ ಇಲ್ಲದ ಗಾಳಿಗೆ ಕೈಮುಗಿಯಬೇಕಿತ್ತು. ಈಗ ನಲವತ್ತು ಜನ ಇದ್ದರು. ಕೈಮುಗಿಯುವುದು, ತೆಗೆದುಕೊಳ್ಳುವುದು, ಇಳಿಸುವುದು, ನಗುವುದು. ಒಂದೊಂದು ಸಲವೂ ಸ್ವಲ್ಪ ಬೇರೆ. ಬರಬರುತ್ತ ಕೈ ಭಾರವಾಯಿತು. ನಗು ಒಂದು ಕಡೆಗೆ ವಾಲಿತು. ಬೆನ್ನು ಬಳುಕಿತು, ಮಂಡಿ ಕುಸಿಯಿತು, ಮತ್ತೆ ಯಾರೋ ಬಂದರು, ಮತ್ತೆ ನೆಟ್ಟಗಾದಳು. ನಮ್ಮವರಿಗೂ ಏನೋ ತಿಳಿಯಿತು ಅಂತ ಕಾಣುತ್ತದೆ. ಯಾರೂ ಮಾತಾಡಲಿಲ್ಲ. ಕೊನೆಕೊನೆಯವರು ಗಿಫ್ಟನ್ನು ತಾವೇ ನೆಲಕ್ಕಿಟ್ಟು, ಅವಳ ಮುಖ ನೋಡಿಕೊಂಡು ಹೋದರು.

ನಾನು ನಿಂತೇ ಇದ್ದೆ. ಸೊಂಟ ಹಿಡಿದುಕೊಂಡಿತು. ಮೂಗು ಕೆರೆಯಿತು. ಬೆವರು ಕಣ್ಣಿಗಿಳಿಯಿತು. ಮೂರು ಸಲ ಹೊರಟುಬಿಡಬೇಕು ಅನ್ನಿಸಿತು. ಐಸ್‌ಕ್ರೀಮಿನ ಕಲೆ ನೋಡಿಕೊಂಡು ನಿಂತೆ.

ಸಾಲು ಮುಗಿಯಿತು. ಹೇಮಶ್ರೀ ನಿಧಾನವಾಗಿ, ಒಂದೊಂದೇ ಮೂಳೆ ಇಳಿಸಿದ ಹಾಗೆ, ಗಿಫ್ಟುಗಳ ನಡುವೆ ನೆಲದ ಮೇಲೆ ಕೂತಳು. ಅಷ್ಟೇ ಆ ನೃತ್ಯದ ಕೊನೆ. ಆದರೆ ಬಲಗಡೆಯ ಬಾಗಿಲಿಂದ ಕೋಲಿನ ಟಕ್ ಟಕ್ ಮತ್ತೆ ಕೇಳಿಸಿತು. ನಾನು ಹಿಂಭಾಗದಲ್ಲಿ ಮಾಡಿಸಿದ್ದ ಊಟದ ಜಾಗ ಸಿಗದೆ ಅಕ್ಕಯಮ್ಮ ವಾಪಸ್ ಬಂದಿದ್ದಳು. ಸೊಸೆ ನೆಲದ ಮೇಲೆ ಕೂತದ್ದನ್ನು ನೋಡಿ, ಅವಳ ಪಕ್ಕ ತಾನೂ ಕಾಲು ಚಾಚಿ ಕೂತಳು.

"ನಿಂತೂ ನಿಂತೂ ಸಾಕಾಯ್ತೇನವ್ವಾ?" ಅಂದಳು.

ಚೈತನ್ಯ ಲೈಟ್ ಆರಿಸಿದಳು. ಹನ್ನೆರಡು ನಿಮಿಷ ಸರಿಯಾಗಿ ಆಗಿತ್ತು. ಹೇಮಶ್ರೀ ಅವಳ ಕಡೆ ಒಮ್ಮೆಯೂ ತಿರುಗಿರಲಿಲ್ಲ.

ಚಪ್ಪಾಳೆ ಬಿತ್ತು ಅಂತ ಆಮೇಲೆ ಹೇಳಿದರು. ನನಗೆ ಅದು ಕೇಳಿಸಲೇ ಇಲ್ಲ. ಹಿಂದಿನ ಕೋಣೆಯಲ್ಲಿ ಹೇಮಶ್ರೀ ತಲೆಯ ಹೂವು ಬಿಚ್ಚುತ್ತ ಕೂತಿದ್ದಳು. ನಾನು ನೆಲ ನೋಡುತ್ತ, ಒಂದು ಕಾರ್ಡನ್ನು ತೆಗೆದು ಅವಳ ಕೈಗೆ ಕೊಟ್ಟೆ. ಓದಿದಳು. ಇನ್ನೊಮ್ಮೆ ಓದಿದಳು.

"ನಿಮ್ಮ ಹೆಸರು ಮೊದಲು ಹಾಕಿದ್ದೀರ."

"ತಪ್ಪಾಯ್ತು ಕಣೇ."

"ನನಗೆ ಆ ಮೊದಲನೇ ನಿಮಿಷ ಜೀವ ಬಾಯಿಗೆ ಬಂದಿತ್ತು ರೀ. ಎಲ್ಲ ಹೋಯ್ತು ಅಂದ್ಕೊಂಡೆ."

ನಾನು ಕಾರ್ಡನ್ನು ಅವಳ ಕೈಯಿಂದ ತೆಗೆದುಕೊಂಡು ಜೇಬಿಗೆ ತುರುಕಿದೆ.

ಐದೂ ನೃತ್ಯ ಮುಗಿದ ಮೇಲೆ ಆಯ್ಕೆ ಸಮಿತಿಯ ಹಿರಿಯರು ಸುನಿತಾ ಮೇಡಂ ಒಳಗೆ ಬಂದರು. ಬೆಳ್ಳಿ ಕೂದಲು, ಮಾತು ಕಡಿಮೆ. ನಲವತ್ತು ವರ್ಷದಿಂದ ನೃತ್ಯ ಸಂಯೋಜನೆ ಮಾಡುತ್ತಿರುವವರಂತೆ. ನಾವಿಬ್ಬರೂ ಎದ್ದು ನಿಂತೆವು.

"ನಿಮ್ಮದನ್ನೇ ಆರಿಸಿದ್ದೀವಿ" ಅಂದರು.

ಹೇಮಶ್ರೀ ಮುಖ ಮುಚ್ಚಿಕೊಂಡು ಕುರ್ಚಿಯ ಮೇಲೆ ಕೂತುಬಿಟ್ಟಳು. ಸ್ವಲ್ಪ ಹೊತ್ತಾದ ಮೇಲೆ ಕಣ್ಣೊರೆಸಿಕೊಂಡು ನಿಜ ಹೇಳಿದಳು. "ಮೇಡಂ, ಆ ಸಾಲು ನನ್ನ ಸಂಯೋಜನೆ ಅಲ್ಲ. ಅವರೆಲ್ಲ ನಮ್ಮ ಮನೆಯವರು. ತಪ್ಪು ತಿಳ್ಕೊಂಡು ಎದ್ದು ಬಂದ್ರು."

"ಅದು ಗೊತ್ತಾಯ್ತು. ಅಷ್ಟು ಸಹಜವಾಗಿ ಯಾರೂ ನಟಿಸೋಕಾಗಲ್ಲ. ನೀವು ಅವರನ್ನ ಒಳಗೆ ತಗೊಂಡ್ರಲ್ಲ, ಅದಕ್ಕೇ ಆರಿಸಿದ್ದು. ಮುಂದಿನ ವರ್ಷ ಆ ಸಾಲು ಇರ್ಲಿ, ಆ ಅಜ್ಜಿಯಂತೂ ಇರ್ಲೇಬೇಕು." ಸುನಿತಾ ಮೇಡಂ ನನ್ನ ಕಡೆ ಒಮ್ಮೆ ನೋಡಿ, ಹೇಮಶ್ರೀಯ ಕಡೆ ತಿರುಗಿದರು. "ಒಂದೇ ಒಂದು ಕಡೆ ನನಗೆ ನಂಬಿಕೆ ಬರಲಿಲ್ಲ. ಗಂಡನ ಪಾತ್ರ. ಅಷ್ಟು ಹೊತ್ತು ಕದಲದೆ ಹೆಂಡ್ತಿ ಪಕ್ಕದಲ್ಲಿ ಯಾವ ಗಂಡ ನಿಂತ್ಕೋತಾನೆ ಹೇಳಿ? ಅಲ್ಲಿ ನಟನೆ ಅನ್ನಿಸಿಬಿಡ್ತು. ಅವನು ಮಧ್ಯೆ ಮಧ್ಯೆ ಇಳಿದು ಹೋಗ್ಬೇಕು. ಯಾರನ್ನೋ ಮಾತಾಡಿಸ್ಬೇಕು. ಊಟ ಮಾಡ್ಕೊಂಡು ಬರ್ಬೇಕು. ಆರು ತಿಂಗಳು ಟೈಮ್ ಇದೆ, ಇವರಿಗೆ ಚೆನ್ನಾಗಿ ಅಭ್ಯಾಸ ಮಾಡ್ಸಿ."

ಹೇಮಶ್ರೀ ನನ್ನ ಕಾಲರ್ ಸರಿ ಮಾಡಿದಳು. ಆ ಸಂಜೆ ಅವಳು ನಿಜವಾಗಿ ನಕ್ಕದ್ದು ಆಗಲೇ.

"ಅದಕ್ಕೆ ಇವರಿಗೆ ರಿಹರ್ಸಲ್ ಬೇಡ ಮೇಡಂ" ಅಂದಳು.